ಪ್ರಾಜೆಕ್ಟ್ ಬರೆಯುವಾಗ ಆಕರ, ಅಡಿಟಿಪ್ಪಣಿ, ಕಾಪಿ: ಪದೇ ಪದೇ ಕೇಳುವ ಪ್ರಶ್ನೆಗಳು

ಡಿಗ್ರಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಫೈನಲ್ ಇಯರ್‌ನವರ ಪ್ರಾಜೆಕ್ಟ್, ಎಂ.ಎ.ಯವರ ಕಿರುಪ್ರಬಂಧ ಎರಡನ್ನೂ ನೋಡುವ ಕೆಲಸ ನನ್ನದು. ಪ್ರತಿವರ್ಷ ಅದೇ ಪ್ರಶ್ನೆಗಳು ಬರುತ್ತವೆ. ಕ್ಲಾಸ್ ಮುಗಿದ ಮೇಲೆ ಬಾಗಿಲ ಹತ್ತಿರ, ಕಾರಿಡಾರ್‌ನಲ್ಲಿ, ರಾತ್ರಿ ಹತ್ತೂವರೆಗೆ ವಾಟ್ಸಾಪ್‌ನಲ್ಲಿ. ಒಂದೇ ಉತ್ತರ ಟೈಪ್ ಮಾಡಿ ಮಾಡಿ ಸಾಕಾಗಿ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಉದಾಹರಣೆಗಳು ಸಾಹಿತ್ಯ, ಇತಿಹಾಸ, ಜಾನಪದದ ಕಡೆ ವಾಲಿವೆ. ನಾನು ಓಡಾಡಿದ ಜಾಗ ಅದೇ ಆದ್ದರಿಂದ ಕ್ಷಮಿಸಬೇಕು.

ಮೇಡಂ, ಕೊನೇ ಪುಟದಲ್ಲಿ ಹತ್ತು ಪುಸ್ತಕದ ಹೆಸರು ಬರೆದರೆ ಆಯ್ತಲ್ವಾ?

ಆಗಲ್ಲ. ಮದುವೆಗೆ ಬಾರದವರ ಹೆಸರನ್ನು ಮುಯ್ಯಿ ಪುಸ್ತಕದಲ್ಲಿ ಬರೆದ ಹಾಗೆ ಅದು. ಕೊನೇ ಪುಟದಲ್ಲಿರುವ ಪ್ರತಿ ಪುಸ್ತಕಕ್ಕೂ ಒಳಗೆ ಎಲ್ಲಾದರೂ ಒಂದು ಕೆಲಸ ಇರಬೇಕು. ಒಳಗೆ ಬಳಸಿದ ಪ್ರತಿಯೊಂದೂ ಕೊನೇ ಪುಟದಲ್ಲಿ ಇರಬೇಕು. ನಾನು ಪ್ರಾಜೆಕ್ಟ್ ಕೈಗೆತ್ತಿಕೊಂಡರೆ ಮೊದಲು ಹಿಂದಿನಿಂದ ತೆರೆಯುತ್ತೇನೆ. ಪಟ್ಟಿಯಿಂದ ಒಂದು ಪುಸ್ತಕ ಆರಿಸಿ, "ಇದನ್ನು ಎಲ್ಲಿ ಬಳಸಿದ್ದೀಯಪ್ಪಾ, ತೋರಿಸು" ಅಂತೀನಿ. ಅರ್ಧ ಜನ ಅಲ್ಲೇ ಮುಗ್ಗರಿಸುತ್ತಾರೆ.

ನಮ್ಮೂರಿನ ಕೆರೆ ಬಗ್ಗೆ ಪ್ರಾಜೆಕ್ಟ್ ತಗೊಂಡಿದ್ದೀನಿ. ಗೂಗಲ್‌ನಲ್ಲಿ ಏನೂ ಸಿಗ್ತಿಲ್ಲ. ವಿಷಯ ಬದಲಾಯಿಸಲಾ?

ಬೇಡವೇ ಬೇಡ. ಗೂಗಲ್‌ನಲ್ಲಿ ಸಿಗದ ವಿಷಯ ಸಿಕ್ಕಿದ್ದು ನಿಮ್ಮ ಪುಣ್ಯ, ಕಾಪಿ ಮಾಡೋಣ ಅಂದರೂ ಆಗಲ್ಲ!

ಮೊದಲು ಶಾಸನಗಳನ್ನು ನೋಡಿ. ಹಳೇ ಮೈಸೂರು ಭಾಗದ ಊರಾದರೆ ಬಿ. ಎಲ್. ರೈಸ್ ಹೊರತಂದ ಶಾಸನಗಳ ಸಂಗ್ರಹ, ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಿವೆ. ಮೊದಲನೆಯದು 1886ರಲ್ಲಿ ಬಂತು, ಕೊಡಗಿನ ಶಾಸನಗಳದ್ದು. ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿದ್ದಾರೆ. ನಿಮ್ಮ ತಾಲ್ಲೂಕು ತೆಗೆದು, ನಿಮ್ಮೂರು ಸಿಗದಿದ್ದರೆ ಸುತ್ತಮುತ್ತಲ ಹಳ್ಳಿಗಳನ್ನು ಹುಡುಕಿ. 1970ರ ದಶಕದಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ತಂದಿದೆ. ಒಂದು ಎಚ್ಚರ: ಎರಡರಲ್ಲೂ ಶಾಸನದ ಸಂಖ್ಯೆ ಒಂದೇ ಇರಲ್ಲ. ರೈಸ್ ಲೆಕ್ಕದಲ್ಲಿ ಶಿಕಾರಿಪುರ 176 ಅಂದರೆ ತಾಳಗುಂದದ ಸ್ತಂಭ ಶಾಸನ. ಪರಿಷ್ಕೃತ ಸಂಪುಟದಲ್ಲಿ ಅದೇ ಸಂಖ್ಯೆ ಹುಡುಕಿಕೊಂಡು ಹೋದರೆ ದಾರಿ ತಪ್ಪುತ್ತೀರಿ. ಹಾಗಾಗಿ ಯಾವ ಆವೃತ್ತಿ ಅಂತ ಬರೆಯಲೇಬೇಕು.

ಆಮೇಲೆ ಗ್ಯಾಸೆಟಿಯರ್‌ಗಳು, ಅಂದರೆ ಜಿಲ್ಲೆ, ಪ್ರಾಂತ್ಯಗಳ ವಿವರ ಕೊಡುವ ಸರ್ಕಾರಿ ಪುಸ್ತಕಗಳು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡದವರಿಗೆ 1880ರ ದಶಕದ ಬಾಂಬೆ ಗ್ಯಾಸೆಟಿಯರ್ ಇದೆ. ಮೈಸೂರಿನ ಕಡೆಯವರಿಗೆ ರೈಸ್ ಅವರದ್ದು, ಆಮೇಲೆ ಹಯವದನ ರಾವ್ ಅವರದ್ದು. ಸ್ವಾತಂತ್ರ್ಯದ ನಂತರದ ಜಿಲ್ಲಾ ಗ್ಯಾಸೆಟಿಯರ್‌ಗಳೂ ಇವೆ.

ಕೊನೆಗೆ ಊರಿಗೇ ಹೋಗಿ. ಗ್ರಾಮ ಪಂಚಾಯ್ತಿ ಕಾಗದ, ತೂಬು, ಏರಿ, ಕೆರೆ ನೀರು ಬಿಡುವ ನೀರುಗಂಟಿ ಮನೆತನದವರ ಮಾತು ಎಲ್ಲವೂ ಆಕರವೇ. ಹೋದ ವರ್ಷ ಒಬ್ಬ ಹುಡುಗಿ ಕೆರೆಯ ಕೋಡಿ ಹತ್ತಿರ ಬಟ್ಟೆ ಒಗೆಯುವ ಕಲ್ಲನ್ನು ಮಗುಚಿ ಹಾಕಿಸಿದಳು. ಅಡಿಯಲ್ಲಿ ಅಕ್ಷರ ಇದ್ದವು. ಆಗಲೇ ಪ್ರಕಟವಾಗಿದ್ದ ಶಾಸನವೇ ಅಂತ ಆಮೇಲೆ ಗೊತ್ತಾಯಿತು. ಆದರೂ ಅವಳ ಮುಖ ನೋಡಬೇಕಿತ್ತು.

ಲೈಬ್ರರಿಗೆ ಹೋಗಲೇಬೇಕಾ? ಎಲ್ಲಾ ಆನ್‌ಲೈನ್ ಇದೆಯಲ್ಲ.

ಎಲ್ಲಾ ಇಲ್ಲ, ಆದರೆ ತುಂಬಾ ಇದೆ. ನಿಮಗೆ ಗೊತ್ತಿಲ್ಲದ್ದೇ ಜಾಸ್ತಿ. ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಇದೆ, ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವುದು. ಐಐಟಿ ಖರಗ್‌ಪುರದ ನ್ಯಾಷನಲ್ ಡಿಜಿಟಲ್ ಲೈಬ್ರರಿ ಇದೆ. ಹಳೇ ಕನ್ನಡ ಪುಸ್ತಕಗಳ ಸ್ಕ್ಯಾನ್‌ಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ರಾಶಿ ಬಿದ್ದಿವೆ. ನಿಮ್ಮ ಕಾಲೇಜು ಎನ್-ಲಿಸ್ಟ್ (ಕಾಲೇಜುಗಳಿಗೆ ಆನ್‌ಲೈನ್ ಜರ್ನಲ್, ಪುಸ್ತಕ ಒದಗಿಸುವ ಯೋಜನೆ) ಸದಸ್ಯನಾಗಿದ್ದರೆ ದುಡ್ಡು ಕೊಟ್ಟು ಓದಬೇಕಾದ ಜರ್ನಲ್‌ಗಳೂ ನಿಮಗೆ ಪುಕ್ಕಟೆ. ಐಡಿ ಯಾರ ಹತ್ತಿರ ಇದೆ? ಲೈಬ್ರರಿಯನ್ ಹತ್ತಿರ. ಹಾಗಾಗಿ ಆನ್‌ಲೈನ್‌ಗೆ ಹೋಗೋಕೂ ಮೊದಲು ಲೈಬ್ರರಿಗೇ ಹೋಗಬೇಕು. ಸರ್ಕಾರಿ ಸಂಸ್ಥೆಗಳಿಗೆ 2025ರಿಂದ ಜರ್ನಲ್‌ಗಳಿಗೆ ದೇಶಕ್ಕೆಲ್ಲ ಒಂದೇ ಚಂದಾ ಕಟ್ಟುವ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆಯೂ ಇದೆ. ಅದನ್ನೂ ಅಲ್ಲೇ ವಿಚಾರಿಸಿ.

ಕನ್ನಡದವರಿಗೆ ಮಾತ್ರ ಇರುವ ಒಂದು ತಲೆನೋವು ಹೇಳುತ್ತೇನೆ. ಹಳೇ ಪ್ರಬಂಧಗಳನ್ನು ಬಹಳ ಜನ ಯೂನಿಕೋಡ್‌ಗಿಂತ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿಸಿದ್ದಾರೆ. ಪಿಡಿಎಫ್‌ನಲ್ಲಿ ನೋಡಿದರೆ ಚೆಂದದ ಕನ್ನಡ, ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಗಜಿಬಿಜಿ. ಇನ್ನು ಕೆಲವು ಬರೀ ಸ್ಕ್ಯಾನ್ ಮಾಡಿದ ಚಿತ್ರ. ಎರಡರಲ್ಲೂ ಹುಡುಕುವ ಪೆಟ್ಟಿಗೆಯಲ್ಲಿ "ಕೆರೆ" ಅಂತ ಹಾಕಿದರೆ ಸೊನ್ನೆ ಬರುತ್ತೆ. ಸೊನ್ನೆ ಬಂತು ಅಂದರೆ ಇಲ್ಲ ಅಂತಲ್ಲ. ಪರಿವಿಡಿ ತೆಗೆದು ಕಣ್ಣಲ್ಲೇ ಓದಿ.

ವಿಕಿಪೀಡಿಯ ಹಾಕಬಹುದಾ?

ಓದಬಹುದು. ಅಲ್ಲಿಂದ ಶುರು ಮಾಡಬಹುದು. ಅಲ್ಲೇ ಮುಗಿಸಬೇಡಿ. ಲೇಖನದ ಕೆಳಗಿರುವ ಉಲ್ಲೇಖಗಳನ್ನು ತೆಗೆದುಕೊಂಡು ಅವುಗಳ ಹತ್ತಿರ ಹೋಗಿ.

ಕನ್ನಡ ವಿಕಿಪೀಡಿಯದಲ್ಲಿ ಒಂದು ವಿಶೇಷ ಇದೆ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿದೆ. ಅದರ ಬರಹಗಳು ಎಷ್ಟೋ ವಿಕಿ ಲೇಖನಗಳ ಒಳಗೆ ಸೇರಿವೆ. ತಿಳಿದವರು ಬರೆದದ್ದು, ಸರಿ. ಆದರೆ ವಿಶ್ವಕೋಶದ ಮೊದಲ ಸಂಪುಟ ಬಂದದ್ದು 1969ರಲ್ಲಿ. ಊರಿನ ಜನಸಂಖ್ಯೆ, ಬೆಳೆ, ಕಾರ್ಖಾನೆ ಲೆಕ್ಕ ಎಲ್ಲ ಆ ಕಾಲದ್ದು. "ಈಗ ಈ ಊರಿನಲ್ಲಿ" ಅಂತ ಶುರುವಾಗುವ ವಾಕ್ಯ ಕಂಡರೆ ಯಾವ "ಈಗ" ಅಂತ ಕೇಳಿಕೊಳ್ಳಿ.

ಒಂದು ಆಕರವನ್ನು ನಂಬಬಹುದು ಅಂತ ಹೇಗೆ ಗೊತ್ತಾಗುತ್ತೆ?

ಯಾರು ಬರೆದರು, ಯಾವಾಗ, ಯಾರಿಗೋಸ್ಕರ, ಅವರಿಗೆ ಹೇಗೆ ಗೊತ್ತಾಯಿತು? ಇಷ್ಟು ಕೇಳಿದರೆ ಮುಕ್ಕಾಲು ಕೆಲಸ ಮುಗಿಯಿತು.

ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ವಿಷಯವನ್ನೇ ತಗೊಳ್ಳಿ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಊರೂರು ಸುತ್ತಿ ಬೆಳೆ, ಕೂಲಿ, ನೀರಾವರಿ, ಜಾತಿ ಎಲ್ಲವನ್ನೂ ಬರೆದುಕೊಂಡ. ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಕಣ್ಣಾರೆ ಕಂಡು ಬರೆದದ್ದು, ಹಾಗಾಗಿ ಬೆಲೆಬಾಳುವಂಥದ್ದು. ಆದರೆ ಅವನನ್ನು ಕಳಿಸಿದ್ದು ಗವರ್ನರ್ ಜನರಲ್ ವೆಲ್ಲೆಸ್ಲಿ, 1799ರಲ್ಲಿ ಟಿಪ್ಪು ಬಿದ್ದ ಮೇಲೆ. ಗೆದ್ದ ನಾಡಿನಲ್ಲಿ ಕಂಪನಿಗೆ ಏನೇನು ಸಿಗುತ್ತೆ ಅಂತ ನೋಡೋಕೆ. ಭತ್ತದ ಲೆಕ್ಕಕ್ಕೆ ಅವನನ್ನು ನಂಬುತ್ತೇನೆ. ಹಳೇ ಆಡಳಿತ ಕೆಟ್ಟದಾಗಿತ್ತು ಅಂದಾಗ ಸ್ವಲ್ಪ ತಡೆದು ಓದುತ್ತೇನೆ. ಒಂದೇ ಪುಸ್ತಕವನ್ನು ಒಂದು ಮಾತಿಗೆ ನಂಬಿ ಇನ್ನೊಂದಕ್ಕೆ ನಂಬದೆ ಇರಬಹುದು. ಇಡೀ ಪುಸ್ತಕಕ್ಕೆ ಪಾಸು ಫೇಲು ಹಾಕಬೇಕಾಗಿಲ್ಲ.

ಅಂಕಿ ಅಂಶ ಸರ್ಕಾರಿ ವೆಬ್‌ಸೈಟಿನದ್ದು. ಅದನ್ನೂ ಚೆಕ್ ಮಾಡಬೇಕಾ?

ಮಾಡಬೇಕು. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ ಎಷ್ಟು? ಒಬ್ಬರು 6,11,30,704 ಅಂತ ಬರೆದು ತರುತ್ತಾರೆ, ಇನ್ನೊಬ್ಬರು 6,10,95,297. ಇಬ್ಬರದ್ದೂ ಸರ್ಕಾರಿ ಲೆಕ್ಕವೇ. ಮೊದಲನೆಯದು 2011ರ ಮಾರ್ಚ್‌ನಲ್ಲಿ ಕೊಟ್ಟ ತಾತ್ಕಾಲಿಕ ಲೆಕ್ಕ, ಎರಡನೆಯದು ಅಂತಿಮ. ಸಾಕ್ಷರತೆಗೂ ಹಾಗೇ, 75.60 ತಾತ್ಕಾಲಿಕ, 75.36 ಅಂತಿಮ. ಅಂತಿಮದ್ದನ್ನು ಬಳಸಿ, ಅಂತಿಮ ಅಂತ ಬರೆಯಿರಿ.

ಇನ್ನೊಂದು ಗುಂಡಿ ಇದೆ. ಬಳ್ಳಾರಿಯಿಂದ ಬೇರೆಯಾಗಿ ಹೊಸಪೇಟೆ ಇರುವ ವಿಜಯನಗರ ಜಿಲ್ಲೆ ಆದದ್ದು 2021ರಲ್ಲಿ. ಜನಗಣತಿ ಆದಾಗ ಇದ್ದದ್ದು 30 ಜಿಲ್ಲೆ. 2011ರ "ಬಳ್ಳಾರಿ" ಅಂಕಿಯ ಒಳಗೆ ಹೊಸಪೇಟೆಯೂ ಇದೆ. ಹಾಗೇ ತಂದು ಇವತ್ತಿನ ಬಳ್ಳಾರಿಗೆ ಅಂಟಿಸಿದರೆ ತಪ್ಪು.

ಇನ್ನು "2021ರ ಜನಗಣತಿಯ ಪ್ರಕಾರ" ಅಂತ ಬರೆದವರ ಪ್ರಾಜೆಕ್ಟನ್ನು ನಾನು ಮುಂದೆ ಓದುವುದೇ ಇಲ್ಲ. 2021ರಲ್ಲಿ ಜನಗಣತಿ ನಡೆದೇ ಇಲ್ಲ, ಕೋವಿಡ್‌ನಿಂದ ಮುಂದಕ್ಕೆ ಹೋಯಿತು.

ಎರಡು ಪುಸ್ತಕ ಎರಡು ಥರ ಹೇಳಿದರೆ ಯಾವುದನ್ನು ತಗೊಳ್ಳಲಿ?

ಎರಡನ್ನೂ. ಹಲ್ಮಿಡಿ ಶಾಸನ ಕನ್ನಡದ ಮೊದಲ ಶಾಸನ, ಕ್ರಿ.ಶ. 450 ಅಂತ ಎಲ್ಲರೂ ಬರೆಯುತ್ತೀರಿ. ಮೂಲಕ್ಕೆ ಹೋಗಿ ನೋಡಿ. 1936ರಲ್ಲಿ ಎಂ. ಎಚ್. ಕೃಷ್ಣ ಬೆಳಕಿಗೆ ತಂದ ಆ ಕಲ್ಲಿನಲ್ಲಿ ಇಸವಿಯೇ ಇಲ್ಲ. ಲಿಪಿ, ಭಾಷೆ, ಅದರಲ್ಲಿ ಬರುವ ಹೆಸರುಗಳನ್ನು ನೋಡಿ ವಿದ್ವಾಂಸರು ಕಟ್ಟಿದ ಕಾಲ 450. ಇನ್ನೂ ಈಚೆಗೆ ತರುವವರೂ ಇದ್ದಾರೆ. ಈ ನಡುವೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನವನ್ನು ಕ್ರಿ.ಶ. 370ರದ್ದು ಅಂತ ಓದಿ, ಅದೇ ಮೊದಲನೆಯದು ಅಂತ ವಾದಿಸಿದ್ದಾರೆ.

ಹಾಗಾದರೆ ಏನು ಬರೆಯಬೇಕು? "ಕ್ರಿ.ಶ. ಸುಮಾರು 450ರದ್ದೆಂದು ಬಹುಪಾಲು ವಿದ್ವಾಂಸರು ಒಪ್ಪುವ ಹಲ್ಮಿಡಿ ಶಾಸನ" ಅಂತ ಬರೆದು ಒಂದು ಅಡಿಟಿಪ್ಪಣಿ ಹಾಕಿ, ಅದರಲ್ಲಿ ತಾಳಗುಂದದ ವಾದವನ್ನು ಎರಡು ಸಾಲು ಹೇಳಿ. "ಸುಮಾರು" ಅನ್ನುವ ಒಂದು ಪದ ಸೇರಿಸಿದ್ದಕ್ಕೆ ನಾನು ಅರ್ಧ ಮಾರ್ಕ್ಸ್ ಜಾಸ್ತಿ ಕೊಟ್ಟಿದ್ದೂ ಇದೆ.

ಬಸವಣ್ಣನ ಒಂದು ಒಳ್ಳೇ ವಚನ ವಾಟ್ಸಾಪ್‌ನಲ್ಲಿ ಬಂತು. ಹಾಕಲಾ?

ತಡೀರಿ. ಕೆಳಗೆ "ಕೂಡಲಸಂಗಮದೇವ" ಅಂತ ಇದ್ದರೆ ಬಸವಣ್ಣನ ವಚನ ಆಗಿಬಿಡಲ್ಲ. ಅಂಕಿತ ಅಂಟಿಸೋಕೆ ಯಾರಿಗೂ ಖರ್ಚಿಲ್ಲ. ಒಂದು ಪ್ರಾಜೆಕ್ಟಿನಲ್ಲಿ ಹೀಗೊಂದು "ವಚನ" ನೋಡಿದೆ. ನಾಲ್ಕು ಸಾಲು, ನಾಲ್ಕಕ್ಕೂ ಅಂತ್ಯಪ್ರಾಸ, ಪ್ರೈಮರಿ ಸ್ಕೂಲಿನ ಪದ್ಯದ ಹಾಗೆ. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಚನ ಸಂಚಯದ ತಾಣದಲ್ಲಿ ಒಂದೊಂದೇ ಪದ ಹಾಕಿ ಹುಡುಕಿದೆವು. ಇಲ್ಲ. ಕಾಗುಣಿತ ಬದಲಾಯಿಸಿ ನೋಡಿದೆವು. ಇಲ್ಲ. ಸಮಗ್ರ ವಚನ ಸಂಪುಟದ ಮೊದಲ ಸಂಪುಟ ತಂದು, ಹಿಂದಿರುವ ಅಕಾರಾದಿಯಲ್ಲಿ ಮೊದಲ ಸಾಲನ್ನು ಹುಡುಕಿದೆವು. ಅಲ್ಲೂ ಇಲ್ಲ. ಇಪ್ಪತ್ತು ನಿಮಿಷದ ಕೆಲಸ. ಹುಡುಗ ಕೊನೆಗೆ, "ಮೇಡಂ, ಇದನ್ನ ಕಳಿಸಿದ್ದು ನಮ್ಮ ಮಾವ" ಅಂದ.

ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟದಲ್ಲಿ 15 ಸಂಪುಟಗಳಿವೆ, ಪ್ರಧಾನ ಸಂಪಾದಕರು ಎಂ. ಎಂ. ಕಲಬುರ್ಗಿ. ವಚನ ಹಾಕಿದರೆ ಸಂಪುಟ, ವಚನ ಸಂಖ್ಯೆ, ಆವೃತ್ತಿ ಮೂರನ್ನೂ ಕೊಡಿ. ಸಂಪಾದನೆ ಮುಖ್ಯವಾ ಅಂತ ಕೇಳುವವರಿಗೆ ಒಂದು ಮಾತು. 1990ರ ದಶಕದಲ್ಲಿ ಬಂದ ಒಂದು ಸಂಕಲನದಲ್ಲಿ ಬಸವಣ್ಣನ ಅಂಕಿತವನ್ನೇ "ಲಿಂಗದೇವ" ಎಂದು ಬದಲಿಸಿದ್ದರು. ಸರ್ಕಾರ 1998ರಲ್ಲಿ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿತು, ಸುಪ್ರೀಂ ಕೋರ್ಟ್ 2017ರಲ್ಲಿ ಅದನ್ನು ಎತ್ತಿಹಿಡಿಯಿತು. ಅಂಥ ಪುಸ್ತಕದಿಂದ ತೆಗೆದ ವಚನ ಬೇರೆಯೇ ಆಗಿರುತ್ತೆ ಅಲ್ವಾ?

ಡಿವಿಜಿಯವರ ಕಗ್ಗಕ್ಕೂ ಇದೇ ಗತಿ ಬಂದಿದೆ. ಮಂಕುತಿಮ್ಮನ ಕಗ್ಗದಲ್ಲಿರುವುದು 945 ಪದ್ಯ. ಫೋನಿನಲ್ಲಿ ಓಡಾಡುತ್ತಿರುವವು ಅದಕ್ಕಿಂತ ಜಾಸ್ತಿ ಅಂತ ನನಗೆ ಗುಮಾನಿ.

ಐಎಸ್‌ಎಸ್‌ಎನ್ ಇರುವ ಜರ್ನಲ್ ಅಂದರೆ ಒಳ್ಳೇದು ತಾನೇ?

ಐಎಸ್‌ಎಸ್‌ಎನ್ ಬರೀ ಒಂದು ನಂಬರ್, ಗಾಡಿಯ ನಂಬರ್ ಪ್ಲೇಟ್ ಇದ್ದ ಹಾಗೆ. ಓಡಿಸುವವನಿಗೆ ಓಡಿಸೋಕೆ ಬರುತ್ತಾ ಅನ್ನೋದು ಅದರಿಂದ ಗೊತ್ತಾಗಲ್ಲ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಒಪ್ಪಿದ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿಯಲ್ಲಿದೆ ಅಂತ ಈಗಲೂ ಹೇಳಿಕೊಳ್ಳುವವರಿದ್ದಾರೆ. 2025ರಲ್ಲಿ ಯುಜಿಸಿ ಆ ಪಟ್ಟಿಯನ್ನೇ ಕೈಬಿಟ್ಟಿದೆ. ಒಂದು ವಾರದಲ್ಲಿ ಪ್ರಕಟಿಸುತ್ತೇವೆ, ಇಷ್ಟು ದುಡ್ಡು ಕಳಿಸಿ ಅನ್ನುವ ಜರ್ನಲ್ ಕಂಡರೆ ದೂರ ಇರಿ. ಒಂದು ಸಂಚಿಕೆ ತೆಗೆದು ಯಾವುದಾದರೂ ಎರಡು ಲೇಖನ ಪೂರ್ತಿ ಓದಿ. ನಿಮಗೇ ತಿಳಿಯುತ್ತೆ.

ಯಾವುದಕ್ಕೆ ಉಲ್ಲೇಖ ಬೇಕು, ಯಾವುದಕ್ಕೆ ಬೇಡ?

ಕರ್ನಾಟಕದ ರಾಜಧಾನಿ ಬೆಂಗಳೂರು ಅನ್ನೋಕೆ ಬೇಡ. ಬೇರೆಯವರ ಮಾತು, ಲೆಕ್ಕ, ವಾದ, ನಕ್ಷೆ, ಫೋಟೋ, ಅನುವಾದ ಇದ್ದರೆ ಬೇಕು. ಅನುಮಾನ ಬಂದರೆ ಹಾಕಿಬಿಡಿ. ಜಾಸ್ತಿ ಉಲ್ಲೇಖ ಹಾಕಿದ್ದಕ್ಕೆ ಯಾರನ್ನೂ ನಾನು ಫೇಲ್ ಮಾಡಿಲ್ಲ.

ಪದ ಎಲ್ಲಾ ಬದಲಾಯಿಸಿದ್ದೀನಿ. ಈಗ ಇದು ಕಾಪಿ ಅಲ್ಲ ಅಲ್ವಾ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ತೋರಿಸಿಯೇ ಹೇಳಬೇಕು. ಮೂಲದಲ್ಲಿ ಹೀಗಿದೆ ಅಂದುಕೊಳ್ಳಿ (ಉದಾಹರಣೆಗೆ ನಾನೇ ಬರೆದದ್ದು):

"ಕೆರೆ ಕಟ್ಟಿಸುವುದು ಪುಣ್ಯದ ಕೆಲಸವೆಂಬ ನಂಬಿಕೆ ಇದ್ದುದರಿಂದ ಅರಸರು ಮಾತ್ರವಲ್ಲ, ವರ್ತಕರೂ ಊರ ಗೌಡರೂ ಕೆರೆ ಕಟ್ಟಿಸಿದರು. ಅವುಗಳನ್ನು ನೋಡಿಕೊಳ್ಳುವ ಖರ್ಚಿಗೆ ಬಿಟ್ಟ ದತ್ತಿಗೆ ಶಾಸನಗಳಲ್ಲಿ ಬಿತ್ತುವಟ್ಟ ಎಂಬ ಹೆಸರಿದೆ."

ವಿದ್ಯಾರ್ಥಿ ಬರೆದು ತಂದದ್ದು:

"ಕೆರೆ ನಿರ್ಮಿಸುವುದು ಪುಣ್ಯಕಾರ್ಯವೆಂಬ ವಿಶ್ವಾಸ ಇದ್ದ ಕಾರಣ ರಾಜರಷ್ಟೇ ಅಲ್ಲದೆ ವ್ಯಾಪಾರಿಗಳೂ ಗ್ರಾಮದ ಮುಖ್ಯಸ್ಥರೂ ಕೆರೆ ನಿರ್ಮಿಸಿದರು. ಅವುಗಳ ನಿರ್ವಹಣಾ ವೆಚ್ಚಕ್ಕೆ ನೀಡಿದ ದತ್ತಿಯನ್ನು ಶಾಸನಗಳು ಬಿತ್ತುವಟ್ಟ ಎನ್ನುತ್ತವೆ."

ಇದು ಕಾಪಿಯೇ. ಅಂಗಿ ಬದಲಾಗಿದೆ, ಆಳು ಅವನೇ. ಮೂಲದ ವಾಕ್ಯದ ಜಾಡಿನಲ್ಲೇ ಒಂದೊಂದು ಪದ ತೆಗೆದು ಅದರ ಸಮಾನಾರ್ಥಕ ಇಟ್ಟಿದ್ದಾನೆ. ಸಾಲದ್ದಕ್ಕೆ ಮೂಲದ ಕನ್ನಡವೇ ಚೆನ್ನಾಗಿತ್ತು!

ಪುಸ್ತಕ ಮುಚ್ಚಿ. ಪಕ್ಕದಲ್ಲಿರುವ ಗೆಳತಿಗೆ ಅದರಲ್ಲಿ ಏನಿತ್ತು ಅಂತ ಬಾಯಲ್ಲಿ ಹೇಳಿ. ಆಮೇಲೆ ಬರೆಯಿರಿ. ಆಗ ಹೀಗೆ ಬರುತ್ತೆ:

"ಕೆರೆಯ ಭಾರವನ್ನು ಅರಮನೆಯೊಂದೇ ಹೊತ್ತಿರಲಿಲ್ಲ ಎನ್ನುತ್ತಾರೆ ಲೇಖಕರು (ಪು. 112). ಅವರ ಪ್ರಕಾರ ಕಟ್ಟಿಸಿದ್ದು ಪುಣ್ಯದ ಆಸೆಗೆ. ಕೆರೆ ಉಳಿದುಕೊಂಡದ್ದು ಬಿತ್ತುವಟ್ಟದಂಥ ದತ್ತಿಗಳಿಂದ. ನಮ್ಮೂರಿನ ಕೆರೆಗೆ ಅಂಥ ದತ್ತಿ ಇತ್ತೇ ಎಂದು ಮುಂದೆ ನೋಡೋಣ."

ಯಾರ ಮಾತು ಅಂತ ಹೇಳಿದೆ, ಪುಟ ಇದೆ, ಎಲ್ಲಿ ಅವರ ಮಾತು ಮುಗಿದು ನಿಮ್ಮದು ಶುರುವಾಯಿತು ಅನ್ನೋದೂ ಕಾಣುತ್ತೆ. "ಬಿತ್ತುವಟ್ಟ" ಮಾತ್ರ ಹಾಗೇ ಉಳಿದಿದೆ. ಪಾರಿಭಾಷಿಕ ಪದವನ್ನು ಬದಲಾಯಿಸೋಕೆ ಹೋಗಬೇಡಿ. ಮೂಲದ ಮಾತೇ ಬೇಕು ಅನಿಸಿದರೆ ಉದ್ಧರಣ ಚಿಹ್ನೆಯೊಳಗೆ ಹಾಗೇ ಇಡಿ, ಒಂದಕ್ಷರ ಬದಲಾಯಿಸದೆ.

ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ಮಾಡಿದ್ದೀನಿ. ಕನ್ನಡದಲ್ಲಿ ಅದು ಎಲ್ಲೂ ಇಲ್ಲ.

ಆದರೂ ಆ ವಿಚಾರ ಅವರದ್ದೇ. ಅನುವಾದ ಮಾಡಿದ ಶ್ರಮ ನಿಮ್ಮದು, ಅದನ್ನು "ಅನುವಾದ ನನ್ನದು" ಅಂತ ಅಡಿಟಿಪ್ಪಣಿಯಲ್ಲಿ ಹೇಳಿಕೊಳ್ಳಿ, ಹೆಮ್ಮೆಯಿಂದಲೇ. ಗೂಗಲ್ ಟ್ರಾನ್ಸ್‌ಲೇಟ್ ಮಾಡಿದ್ದಾದರೆ ಆ ಶ್ರಮವೂ ನಿಮ್ಮದಲ್ಲ. ಅದು ನಮಗೆ ಗೊತ್ತಾಗಲ್ಲ ಅಂದುಕೊಳ್ಳಬೇಡಿ. ಇಂಗ್ಲಿಷಿನ "ಟ್ಯಾಂಕ್"ಗೆ ಕೆರೆ ಅನ್ನಬೇಕಾದ ಕಡೆ "ತೊಟ್ಟಿ" ಅಂತ ಬಂದಿದ್ದರೆ ಎಲ್ಲಿಂದ ಬಂತು ಅಂತ ಎರಡನೇ ಸಾಲಿಗೇ ತಿಳಿಯುತ್ತೆ.

ಮೂಲ ಪುಸ್ತಕ ಸಿಗಲಿಲ್ಲ. ಬೇರೆ ಪುಸ್ತಕದಲ್ಲಿ ಅದರ ಮಾತು ಇತ್ತು. ಮೂಲದ ಹೆಸರೇ ಹಾಕಲಾ?

ನಾನು ಎಂ.ಎ. ಓದುವಾಗ ಇದನ್ನೇ ಮಾಡಿ ಸಿಕ್ಕಿಬಿದ್ದವಳು. ವಿಜಯನಗರದ ಮಹಾನವಮಿ ಬಗ್ಗೆ ಬರೆಯುತ್ತಾ, ಅದನ್ನು ಕಂಡು ಬರೆದ ಪೋರ್ಚುಗೀಸ್ ಪ್ರವಾಸಿಯ ಹೆಸರಲ್ಲಿ "ಡೊಮಿಂಗೊ ಪೇಸ್, ಪು. ಇಷ್ಟು" ಅಂತ ಹಾಕಿದ್ದೆ. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರು, "ಏನಮ್ಮಾ, ಪೋರ್ಚುಗೀಸ್ ಬರುತ್ತಾ ನಿನಗೆ?" ಬರಲ್ಲ ಸರ್. "ಹಾಗಾದರೆ ಇಂಗ್ಲಿಷ್ ಅನುವಾದ ನೋಡಿದೆಯಾ?" ಅದನ್ನೂ ನೋಡಿರಲಿಲ್ಲ. ರಾಬರ್ಟ್ ಸೀವೆಲ್ 1900ರಲ್ಲಿ ಪೇಸ್‌ನ ಬರಹವನ್ನು ಇಂಗ್ಲಿಷಿಗೆ ತಂದ. ಅದನ್ನು ನೋಡಿ ಯಾರೋ ಕನ್ನಡದಲ್ಲಿ ಬರೆದರು. ನಾನು ಓದಿದ್ದು ಆ ಕನ್ನಡ ಪುಸ್ತಕ. ಪುಟದ ಸಂಖ್ಯೆ ಕೂಡ ಅಲ್ಲಿಂದಲೇ ಎತ್ತಿದ್ದು, ಅದೂ ತಪ್ಪಾಗಿತ್ತು. ಅವರ ತಪ್ಪು ನನ್ನ ತಪ್ಪಾಯಿತು. ಟೇಬಲ್ ಮೇಲಿದ್ದ ನೀರಿನ ಲೋಟ ಇವತ್ತಿಗೂ ಕಣ್ಣ ಮುಂದಿದೆ.

ಬರೆಯಬೇಕಾದ್ದು ಸರಳ. ಮೊದಲು ಪೇಸ್ ಹೆಸರು, ಆಮೇಲೆ "ಉದ್ಧೃತ:" ಅಂತ ಹಾಕಿ ನೀವು ಕೈಯಲ್ಲಿ ಹಿಡಿದು ಓದಿದ ಪುಸ್ತಕ, ಅದರ ಪುಟ. ಕೊನೇ ಪಟ್ಟಿಯಲ್ಲಿ ಓದಿದ ಪುಸ್ತಕ ಮಾತ್ರ.

ಅಡಿಟಿಪ್ಪಣಿ ಯಾವ ಶೈಲಿಯಲ್ಲಿ ಬರೆಯಬೇಕು? ಎಪಿಎನಾ, ಎಂಎಲ್‌ಎನಾ?

ನಿಮ್ಮ ವಿಭಾಗದವರು ಹೇಳಿದ್ದು. ಹೇಳದಿದ್ದರೆ ಕೇಳಿ. ಯಾವುದಾದರೂ ಸರಿ, ಕೊನೇ ತನಕ ಒಂದೇ ಇರಲಿ. ಕನ್ನಡ ವಿಭಾಗಗಳಲ್ಲಿ ಸಾಮಾನ್ಯವಾಗಿ ಲೇಖಕರು, ಪುಸ್ತಕ, ಪ್ರಕಾಶಕರು, ಊರು, ವರ್ಷ, ಪುಟ ಅಂತ ಹೋಗುತ್ತೆ. ಸಂಪಾದಕರಾದರೆ "ಸಂ.", ಅನುವಾದಕರಾದರೆ "ಅನು.". ಅದೇ ಪುಸ್ತಕ ಬೆನ್ನಿಗೇ ಬಂದರೆ "ಅದೇ, ಪು. 45". ಈ "ಅದೇ" ಒಂದು ಅಪಾಯದ ಪದ. ನಡುವೆ ಹೊಸ ಟಿಪ್ಪಣಿ ತುರುಕಿದರೆ "ಅದೇ" ಬೇರೆ ಪುಸ್ತಕಕ್ಕೆ ಬೊಟ್ಟು ಮಾಡುತ್ತೆ. ಎಲ್ಲಾ ಬರೆದಾದ ಮೇಲೆ ಕೊನೆಯಲ್ಲಿ "ಅದೇ" ಹಾಕಿ.

ನಮ್ಮ ಹೆಸರುಗಳದ್ದು ಇನ್ನೊಂದು ಫಜೀತಿ. ವಿದೇಶಿ ಶೈಲಿಗಳು ಸರ್‌ನೇಮ್ ಕೇಳುತ್ತವೆ, ನಮ್ಮಲ್ಲಿ ಎಷ್ಟೋ ಜನಕ್ಕೆ ಅದಿಲ್ಲ. ಮುಂದಿರುವ ಅಕ್ಷರ ಊರಿನದ್ದೋ ಅಪ್ಪನದ್ದೋ. ಕೆ. ವಿ. ಪುಟ್ಟಪ್ಪ ಅಂದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಪಟ್ಟಿಯಲ್ಲಿ "ಪುಟ್ಟಪ್ಪ ಕೆ. ವಿ." ಅಂತ ಬರಲಿ. ಪುಸ್ತಕದ ಮೇಲೆ "ಕುವೆಂಪು" ಅಂತಿದ್ದರೆ "ಕುವೆಂಪು" ಅಂತಲೇ ಹಾಕಿ. ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವಾಗ ಟೈಪಿಂಗ್ ಯೂನಿಕೋಡ್‌ನಲ್ಲಿರಲಿ. ಹಳೇ ನುಡಿ ಫಾಂಟ್‌ನಲ್ಲಿದ್ದರೆ ಕಂಪ್ಯೂಟರ್ ತನಗೆ ತೋಚಿದ ಹಾಗೆ ಜೋಡಿಸುತ್ತೆ.

ಒಂದು ಅಭ್ಯಾಸ ಮಾಡಿಕೊಳ್ಳಿ. ಪುಸ್ತಕ ಕೈಗೆ ಬಂದ ತಕ್ಷಣ ಮುಖಪುಟ, ಅದರ ಹಿಂದಿನ ಮಾಹಿತಿ ಪುಟ ಎರಡರ ಫೋಟೋ ಫೋನಿನಲ್ಲಿ ತೆಗೆದಿಡಿ. ಬೈಂಡಿಂಗ್ ಹಿಂದಿನ ದಿನ ವರ್ಷ ಹುಡುಕಿಕೊಂಡು ಲೈಬ್ರರಿಗೆ ಓಡುವುದು ತಪ್ಪುತ್ತೆ.

ನಮ್ಮಜ್ಜಿ ಹೇಳಿದ ಸೋಬಾನೆ ಪದ ಬಳಸಿದ್ದೀನಿ. ಅಜ್ಜಿಗೂ ಅಡಿಟಿಪ್ಪಣಿನಾ?

ಖಂಡಿತ! ಜಾನಪದದಲ್ಲಿ ಅಜ್ಜಿಯನ್ನು "ವಕ್ತೃ" ಅಂತಾರೆ. ಹೆಸರು, ವಯಸ್ಸು, ಊರು, ಯಾವ ದಿನ ಹೇಳಿದರು, ಯಾವ ಸಂದರ್ಭದಲ್ಲಿ, ರೆಕಾರ್ಡ್ ಮಾಡಿದಿರಾ ಕೈಯಲ್ಲಿ ಬರೆದುಕೊಂಡಿರಾ, ಎಲ್ಲ ಬರೆಯಿರಿ. ಮೊದಲು ಕೇಳಿ ಒಪ್ಪಿಗೆ ಪಡೆಯಿರಿ. ಹೆಸರು ಬೇಡ ಅಂದರೆ ಹಾಕಬೇಡಿ. 60 ಪದ ಹಾಡಿದವರನ್ನು "ಸ್ಥಳೀಯರ ಪ್ರಕಾರ" ಅಂತ ಮುಗಿಸುವುದು ನನಗೆ ಪುಸ್ತಕ ಕಾಪಿ ಮಾಡಿದ್ದಕ್ಕಿಂತ ಕೆಟ್ಟದಾಗಿ ಕಾಣುತ್ತೆ.

ಚಾಟ್‌ಜಿಪಿಟಿ ಐದು ಕನ್ನಡ ಪುಸ್ತಕ ಹೇಳಿತು. ಹಾಕಬಹುದಾ?

ಆ ಐದರಲ್ಲಿ ಎಷ್ಟು ಇವೆ ಅಂತ ಮೊದಲು ನೋಡಿ. ನನ್ನ ಹತ್ತಿರ ಬಂದ ಒಂದು ಪಟ್ಟಿಯಲ್ಲಿ ವಿದ್ವಾಂಸರ ಹೆಸರು ನಿಜ, ಪುಸ್ತಕ ಪ್ರಕಟಿಸುವ ವಿಶ್ವವಿದ್ಯಾನಿಲಯದ ಪ್ರಸಾರಾಂಗ ನಿಜ, ವರ್ಷವೂ ನಂಬುವ ಹಾಗಿತ್ತು. ಪುಸ್ತಕ ಮಾತ್ರ ಯಾರೂ ಬರೆದಿರಲಿಲ್ಲ. ಹೀಗೇ ಯಂತ್ರ ಹುಟ್ಟಿಸಿದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 2023ರಲ್ಲಿ ನ್ಯೂಯಾರ್ಕಿನ ವಕೀಲರು 5,000 ಡಾಲರ್ ದಂಡ ಕಟ್ಟಿದರು.

ವಿಷಯ ಅರ್ಥ ಮಾಡಿಕೊಳ್ಳೋಕೆ, ಯಾವ ಪದ ಹಾಕಿ ಹುಡುಕಬೇಕು ಅಂತ ಕೇಳೋಕೆ ಬಳಸಿದರೆ ನನ್ನ ತಕರಾರಿಲ್ಲ, ಕಾಲೇಜಿನ ನಿಯಮ ಒಪ್ಪಿದರೆ. ಬಳಸಿದ್ದನ್ನು ಬಳಸಿದೆ ಅಂತ ಹೇಳಿ. ಅದು ಕೊಟ್ಟ ಪುಸ್ತಕ ಕೈಗೆ ಸಿಗುವ ತನಕ ಪಟ್ಟಿಗೆ ಸೇರಿಸಬೇಡಿ.

ಎಷ್ಟು ಪರ್ಸೆಂಟ್ ತನಕ ಕಾಪಿ ಮಾಡಬಹುದು?

ಪ್ರಶ್ನೆಯೇ ತಪ್ಪು, ಆದರೂ ಉತ್ತರ ಹೇಳುತ್ತೇನೆ. 2018ರ ಯುಜಿಸಿ ನಿಯಮದಲ್ಲಿ ಪ್ರಬಂಧಗಳಿಗೆ ಮೆಟ್ಟಿಲುಗಳಿವೆ. ಹೋಲಿಕೆ 10 ಪರ್ಸೆಂಟ್ ತನಕ ಇದ್ದರೆ ದಂಡ ಇಲ್ಲ. 10ರಿಂದ 40 ಆದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ತಿದ್ದಿದ್ದನ್ನೂ ಒಂದು ವರ್ಷ ಸಲ್ಲಿಸುವ ಹಾಗಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಸರಿಯಾಗಿ ಹೆಸರು ಹೇಳಿದ ಉದ್ಧರಣೆ, ಗ್ರಂಥಋಣ, ಪರಿವಿಡಿ ಇವೆಲ್ಲ ಲೆಕ್ಕಕ್ಕೆ ಬರಲ್ಲ.

ಇದು ಎಂ.ಎ. ಮತ್ತು ಸಂಶೋಧನಾ ಪ್ರಬಂಧಗಳಿಗೆ. ಅಸೈನ್‌ಮೆಂಟ್, ಪ್ರಾಜೆಕ್ಟ್ ವರದಿಗಳನ್ನು ಆ ನಿಯಮದ ವ್ಯಾಖ್ಯೆಯಿಂದ ಹೊರಗಿಟ್ಟಿದ್ದಾರೆ. ಹಾಗಂತ ಖುಷಿ ಪಡಬೇಡಿ. ನಿಮ್ಮದಕ್ಕೆ ಸೊನ್ನೆ ಹಾಕೋಕೆ ನಮಗೆ ಯುಜಿಸಿ ಬೇಕಾಗಿಲ್ಲ.

ಸಾಫ್ಟ್‌ವೇರ್ ಹೇಳುವುದು ಹೋಲಿಕೆಯನ್ನು, ಕಳ್ಳತನವನ್ನಲ್ಲ. ಶೇಕಡಾ 3 ಬಂದ ಪ್ರಬಂಧದಲ್ಲಿ ಇಡೀ ವಾದವೇ ಕದ್ದದ್ದಿರಬಹುದು. ಹಳೇ ಫಾಂಟ್‌ನ ಕನ್ನಡವನ್ನಂತೂ ಅದು ಕನ್ನಡ ಅಂತಲೇ ಓದಲ್ಲ, ಸೊನ್ನೆ ತೋರಿಸುತ್ತೆ. ಆ ಸೊನ್ನೆಯ ಪ್ರಿಂಟ್ ತೆಗೆದು ಹೆಮ್ಮೆಯಿಂದ ಲಗತ್ತಿಸಿದವರನ್ನೂ ನೋಡಿದ್ದೇನೆ.

ಜೆರಾಕ್ಸ್ ಅಂಗಡಿಯಲ್ಲಿ ಸೀನಿಯರ್ಸ್ ಪ್ರಾಜೆಕ್ಟ್ ಸಿಗುತ್ತಂತೆ.

ಸಿಗುತ್ತೆ, ಗೊತ್ತು. ಅದೇ ಪ್ರಾಜೆಕ್ಟ್ ಹೋದ ವರ್ಷ ನನ್ನ ಟೇಬಲ್ ಮೇಲೆ ಬಂದಿತ್ತು, ಅದರ ಹಿಂದಿನ ವರ್ಷವೂ. ಒಂದರಲ್ಲಿ ಕೃತಜ್ಞತೆಯ ಪುಟದಲ್ಲಿ ಹಳೇ ಹುಡುಗಿಯ ಅಪ್ಪ ಅಮ್ಮನ ಹೆಸರು ಹಾಗೇ ಉಳಿದಿತ್ತು. ಸೀನಿಯರ್ ಪ್ರಾಜೆಕ್ಟ್ ನೋಡಿ, ಹೇಗೆ ಅಧ್ಯಾಯ ಮಾಡಿದ್ದಾರೆ ಅಂತ ಕಲಿಯಿರಿ, ಏನಾದರೂ ತಗೊಂಡರೆ ಅವರ ಹೆಸರು ಹಾಕಿ.

ನಾಳೆ ಸಬ್‌ಮಿಷನ್. ಎಲ್ಲಿಂದ ಏನು ತಗೊಂಡೆ ಅಂತ ಒಂದೂ ಬರೆದಿಟ್ಟಿಲ್ಲ. ಈಗ ಏನು ಮಾಡಲಿ?

ಗಾಬರಿ ಬೇಡ. ಟೀ ಕುಡಿದು ಕೂತ್ಕೊಳ್ಳಿ. ಪ್ರಿಂಟ್ ತೆಗೆದು, ನಿಮ್ಮ ಕನ್ನಡದ ಹಾಗೆ ಕೇಳಿಸದ ಸಾಲುಗಳಿಗೆಲ್ಲ ಕೆಂಪು ಗೆರೆ ಎಳೆಯಿರಿ. ನಿಮಗೇ ಗೊತ್ತಾಗುತ್ತೆ. ಆ ಸಾಲುಗಳಲ್ಲಿ ಐದಾರು ಪದ ತೆಗೆದು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ, ಅರ್ಧಕ್ಕೆ ಮೂಲ ಸಿಗುತ್ತೆ. ಫೋನಿನ ಬ್ರೌಸರ್ ಹಿಸ್ಟರಿ ನೋಡಿ, ಗ್ಯಾಲರಿ ನೋಡಿ, ಲೈಬ್ರರಿ ಕಾರ್ಡಿನಲ್ಲಿ ಯಾವ ಪುಸ್ತಕ ತಗೊಂಡಿದ್ದಿರಿ ನೋಡಿ. ಮೂಲ ಸಿಗದ ಸಾಲುಗಳನ್ನು ತೆಗೆದುಬಿಡಿ. 40 ಪುಟದ್ದು 28 ಪುಟಕ್ಕೆ ಇಳಿದರೆ ಇಳಿಯಲಿ.

ಆಗಲೂ ಆಗದಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ ಸ್ಟಾಫ್ ರೂಮಿಗೆ ಬಂದು, "ಮೇಡಂ, ಎರಡು ದಿನ ಕೊಡಿ" ಅಂತ ಕೇಳಿ. ಬೈಯುತ್ತೇನೆ. ಕೊಡುತ್ತೇನೆ.